ಪೇಡದ ಡಬ್ಬಿಯೊಳಗಿನ ಮುಖಗಳು

ಉಪ್ಪಿಟ್ಟು ತಳ ಹಿಡಿದದ್ದರಿಂದಲೇ ಎಲ್ಲ ಶುರುವಾಯಿತು ಎಂದು ನನ್ನ ಹೆಂಡತಿ ಜಗದಾಂಬಾ ಇವತ್ತಿಗೂ ಹೇಳುತ್ತಾಳೆ. ನಾನು ಅದನ್ನು ಒಪ್ಪುವುದಿಲ್ಲ, ಆದರೆ ಅವಳೆದುರು ಹೇಳುವುದೂ ಇಲ್ಲ. ಮೂವತ್ತಾರು ವರ್ಷ ಸರ್ಕಾರಿ ಕಚೇರಿಯಲ್ಲಿದ್ದೆ. ಗುಮಾಸ್ತನಾಗಿ ಸೇರಿ ಸೂಪರಿಂಟೆಂಡೆಂಟ್ ಆಗಿ ಹೊರಬಂದೆ. ಅಷ್ಟು ವರ್ಷಗಳಲ್ಲಿ ಒಂದು ಫೈಲಿನ ಮೇಲೂ ಈ ಚನ್ನವೀರಪ್ಪನ ಸ್ವಂತ ಅಭಿಪ್ರಾಯ ಅಂತ ಒಂದು ಸಾಲಿಲ್ಲ. 'ಆದೇಶಕ್ಕಾಗಿ ಮಂಡಿಸಿದೆ' ಎಂದು ಬರೆದು ಮೇಲಕ್ಕೆ ತಳ್ಳುತ್ತಿದ್ದೆ. ಮನೆಯಲ್ಲೂ ಅದೇ ಅಭ್ಯಾಸ.

ಆವತ್ತು ಬೆಳಿಗ್ಗೆ ನಮ್ಮ ಸೊಸೆ ಅನಘಾ ಮಸಾಲೆ ಡಬ್ಬಿಗೆ ಫೋನ್ ಒರಗಿಸಿಕೊಂಡು, ಒಂದು ಕೈಯಲ್ಲಿ ಸೌಟು ಆಡಿಸುತ್ತಾ ಇಂಗ್ಲಿಷ್ ಪದಗಳನ್ನು ಬಾಯಿಪಾಠ ಮಾಡುತ್ತಿದ್ದಳು. ವಾಸನೆ ಹಾಲಿಗೆ ಬಂತು. ಅದರ ಹಿಂದೆಯೇ ಜಗದಾಂಬಾಳ ದನಿಯೂ ಬಂತು.

"ಏನೇ ಇದು, ಉಪ್ಪಿಟ್ಟೋ ಇದ್ದಿಲೋ?"

"ಅಯ್ಯೋ ಅತ್ತೆ, ಒಂದ್ ನಿಮಿಷ ಆ ಕಡೆ ನೋಡ್ದೆ ಅಷ್ಟೇ."

"ಒಂದ್ ನಿಮಿಷಾನಾ? ಹೊಗೆ ಮೂರನೇ ಕ್ರಾಸ್‌ಗೆ ಹೋಗಿದೆ! ಮೊನ್ನೆ ಹಾಲು ಉಕ್ಕಿಸ್ದೆ, ನೆನ್ನೆ ಹುಳಿಗೆ ಎರಡು ಸಲ ಉಪ್ಪು ಹಾಕ್ದೆ. ನಾಳೆ ಮನೆಗೇ ಬೆಂಕಿ ಇಡು."

ಮಗ ಬಸವಕಿರಣ್‌ಗೆ ಪೀಣ್ಯದ ಕಾರ್ಖಾನೆಯಲ್ಲಿ ಫಸ್ಟ್ ಶಿಫ್ಟ್. ನಿಂತುಕೊಂಡೇ ತಿನ್ನುವ ಆಸಾಮಿ. ಕರಕಲನ್ನು ತಟ್ಟೆಯಂಚಿಗೆ ಸರಿಸಿ ಹೇಳಿದ, "ಅಲ್ವೇ, ಎರಡು ಸಲ ಬರ್ದಾಯ್ತು. ಎರಡು ಸಲಾನೂ ಇಂಗ್ಲಿಷಲ್ಲೇ ಹೊಡೆತ ಬಿತ್ತು. ಇನ್ನೂ ಯಾಕೆ ಈ ಒದ್ದಾಟ?"

"ಇದೇ ಕೊನೇ ಸಲ ರೀ. ಮುಂದಿನ ವರ್ಷ ನಂಗೆ ವಯಸ್ಸು ದಾಟುತ್ತೆ. ಅರ್ಜಿ ಹಾಕೋಕ್ಕೂ ಬಿಡಲ್ಲ." ಅನಘಾ ಬಾಣಲೆ ಕೆರೆಯುತ್ತಲೇ ಮಾತಾಡಿದಳು. "ಲೆಕ್ಕ ಬರುತ್ತೆ, ರೀಸನಿಂಗ್ ಬರುತ್ತೆ. ಈ ಹಾಳಾದ್ ಪದಗಳು ಮಾತ್ರ ತಲೇಲಿ ನಿಲ್ಲಲ್ಲ. ಇದೊಂದು ಸಲ ಬಿಟ್ಬಿಡಿ ನನ್ನ."

ಅದು ಕೇಂದ್ರ ಸರ್ಕಾರದ ಪದವೀಧರರ ಪರೀಕ್ಷೆ. ತಿಪಟೂರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಬಿಕಾಂನಲ್ಲಿ ಕಾಲೇಜಿಗೇ ಎರಡನೆಯವಳಾಗಿ ಬಂದ ಹುಡುಗಿ. ಮದುವೆಯಾಗಿ ಬಸವೇಶ್ವರನಗರದ ಈ ಮನೆಗೆ ಬಂದು ನಾಲ್ಕು ವರ್ಷ. ಸ್ವಂತಕ್ಕೊಂದು ಕೆಲಸ ಬೇಕು ಎಂಬುದು ಅವಳ ಒಂದೇ ಆಸೆ. ಅದರಲ್ಲಿ ತಪ್ಪೇನಿದೆ? ತಪ್ಪಿಲ್ಲ ಎಂದು ನನಗೆ ಆಗಲೂ ಅನ್ನಿಸಿತ್ತು.

"ನೀವಾದ್ರೂ ಒಂದ್ ಮಾತು ಹೇಳಿ!" ಜಗದಾಂಬಾ ನನ್ನ ಕಡೆ ತಿರುಗಿದಳು.

"ಕೊತ್ತಂಬರಿ ಸೊಪ್ಪು ಮುಗ್ದಿದೆ ಅಲ್ವಾ? ತಂದ್ಬಿಡ್ತೀನಿ," ಎಂದು ಚೀಲ ತೆಗೆದುಕೊಂಡು ಹೊರಟೆ.

ಎರಡು ವಾರ ಹೀಗೆಯೇ ನಡೆಯಿತು. ಅತ್ತೆ ಸೊಸೆಗೆ ಬೇಕಾದಷ್ಟೇ ಮಾತು. ಒಂದು ಬೆಳಿಗ್ಗೆ ಜಗದಾಂಬಾ ಹಿತ್ತಿಲಿಗೆ ಹೋದಾಗ ಅನಘಾ ಒಗೆಯುವ ಕಲ್ಲಿನ ಮೇಲೆ ಕೂತು ಅಳುತ್ತಿದ್ದಳಂತೆ. ಬಕೆಟ್ಟಿನಲ್ಲಿ ಬಟ್ಟೆ ನೆನೆದಿತ್ತು, ತೊಡೆಯ ಮೇಲೆ ನೋಟ್‌ಬುಕ್ ಇತ್ತು.

"ಯಾಕೇ? ಊರಿಂದ ಏನಾದ್ರೂ ಫೋನ್ ಬಂತಾ?"

"ಇಲ್ಲ ಅತ್ತೆ. ಒಂದೇ ಪದ ನಾಲ್ಕನೇ ಸಲ ಮರ್ತೆ."

ನನ್ನ ಹೆಂಡತಿಯ ಬಾಯಿ ಜೋರು, ಕರುಳು ಮೆತ್ತಗೆ. ಇನ್ನೊಂದು ಬಕೆಟ್ಟು ಬೋರಲು ಹಾಕಿ ಪಕ್ಕದಲ್ಲೇ ಕೂತಳು. ಅವಳಿಗೆ ಎಬಿಸಿಡಿ ಸಹ ಸರಿಯಾಗಿ ಬಾರದು. ಆದರೆ ಅಕ್ಕನ ಬಳಗದಲ್ಲಿ ಮುನ್ನೂರು ವಚನಗಳನ್ನು ಪುಸ್ತಕ ನೋಡದೆ ಹೇಳುವವಳು ಅವಳೊಬ್ಬಳೇ.

"ಬರೀ ಓದಿದ್ರೆ ಎಲ್ಲಿ ನಿಲ್ಲುತ್ತೆ? ಮುಖ ಇಡ್ಬೇಕು ಕಣೇ. ನಾನು ಒಂದೊಂದು ವಚನಕ್ಕೂ ಒಬ್ಬೊಬ್ರ ಮುಖ ಇಟ್ಕೊಂಡಿದೀನಿ. ಯಾರಿಗೆ ಬೈದಂಗಿದೆಯೋ ಅವ್ರ ಮುಖ. ಜನ್ಮದಲ್ಲಿ ಮರೆಯಲ್ಲ. ಎಲ್ಲಿ, ನಿನ್ ಪದ ಹೇಳು."

"ಪಾರ್ಸಿಮೋನಿಯಸ್."

"ಹಂಗಂದ್ರೆ?"

"ಕೈ ಬಿಗಿ ಹಿಡಿಯೋರು. ಏನನ್ನೂ ಬಿಡದೇ ಇರೋರು."

"ಅಯ್ಯೋ, ನಿಮ್ ದೊಡ್ಡಮಾವ!" ಜಗದಾಂಬಾ ತೊಡೆ ತಟ್ಟಿದಳು. "ನಮ್ಮನೆ ಗೃಹಪ್ರವೇಶ ಆದ ಮಾರನೇ ಬೆಳಿಗ್ಗೆನೇ ಬಂದು, ಪೆಂಡಾಲಿನ ಹಗ್ಗ ಬಿಚ್ಚಿ ಸುತ್ಕೊಂಡು ಹೋದ್ರಲ್ಲ, ಪುಣ್ಯಾತ್ಮರು!"

ದೊಡ್ಡಮಾವ ಎಂದರೆ ನನ್ನಣ್ಣ ರೇವಣಸಿದ್ದಪ್ಪ. ವಿಜಯನಗರದಲ್ಲಿ ಕಿರಾಣಿ ಅಂಗಡಿ ಇಟ್ಟು ನಮ್ಮಪ್ಪ ಹೋದ ಮೇಲೆ ನನ್ನನ್ನು ಓದಿಸಿದವನು. ಅವನ ಮಾತೆಂದರೆ ನಮ್ಮ ಮನೆಯಲ್ಲಿ ಸುಪ್ರೀಂ ಕೋರ್ಟು.

ಅನಘಾ ಅಳು ಮರೆತು ನಕ್ಕಳು. ಆ ಪದ ಮತ್ತೆ ಮರೆಯಲಿಲ್ಲ.

ಅಲ್ಲಿಂದ ಮುಂದಕ್ಕೆ ನಮ್ಮ ಮನೆಯ ದಿನಚರಿಯೇ ಬೇರೆಯಾಯಿತು. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಚೀಟಿ ಮಾಡಿದರು. ಖಾಲಿ ಮಗ್ಗುಲಲ್ಲಿ ಮೇಲೆ ಇಂಗ್ಲಿಷ್ ಪದ, ಕೆಳಗೆ ಕನ್ನಡದಲ್ಲಿ ಒಬ್ಬರ ಮುಖ ಮತ್ತು ಅವರ ಘನಕಾರ್ಯ. ಜಗದಾಂಬಾ ಬೆಳಿಗ್ಗೆ ಆರಕ್ಕೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ ಹತ್ತು ಚೀಟಿ ತೆಗೆಯುತ್ತಿದ್ದಳು. ಅತ್ತೆ ಕನ್ನಡದ ಸಾಲು ಓದಬೇಕು, ಸೊಸೆ ರೊಟ್ಟಿ ತಟ್ಟುತ್ತಾ ಒಳಗಿನಿಂದ ಇಂಗ್ಲಿಷ್ ಹೇಳಬೇಕು. ಹಾಗಾಗಿ ಚೀಟಿಗಳಿದ್ದ ಪೇಡದ ಡಬ್ಬಿ ದೇವರ ಕೋಣೆಯಲ್ಲೇ, ವಿಭೂತಿ ಗಟ್ಟಿಯ ಪಕ್ಕದಲ್ಲಿ ಉಳಿಯಿತು.

"ಫೋನ್ ಹಿಡಿದ್ರೆ ನಲ್ಲಿ ನೀರು ನಿಲ್ಲೋವರೆಗೂ ಬಿಡಲ್ಲ?"

"ದೊಡ್ಡತ್ತೆ! ಗ್ಯಾರುಲಸ್!"

"ಯುಗಾದಿಗೆ ಹೇಳಿದ ಬಚ್ಚಲ ನಲ್ಲಿ ದೀಪಾವಳಿಗೂ ಸೋರ್ತಾ ಇದೆ?"

"ನಮ್ಮನೆಯವ್ರು! ಪ್ರೊಕ್ರಾಸ್ಟಿನೇಟ್!"

"ಏಯ್, ನಾನು ಇಲ್ಲೇ ಇದೀನಿ," ಎಂದು ಬಸವಕಿರಣ್ ಬಚ್ಚಲಿಂದ ಕೂಗಿದ. ಆ ಭಾನುವಾರ ನಲ್ಲಿ ರಿಪೇರಿ ಆಯಿತು. ಬಟ್ಟೆ ಒಣಗಿಸುವುದೂ ಮೆಲ್ಲಗೆ ಅವನ ಪಾಲಿಗೆ ಬಂತು. ಹಠ ಬಿಡದವರಿಗೆ ಆಬ್ಡ್ಯುರೇಟ್ ಎನ್ನುತ್ತಾರೆ ಎಂದು ಕೇಳಿದಾಗ ಜಗದಾಂಬಾ, "ಇದಕ್ಕೆ ನಂದೇ ಹಾಕ್ಕೋ, ಬೇರೆಯವ್ರು ಯಾಕೆ?" ಎಂದು ಹೆಮ್ಮೆಯಿಂದ ತಾನೇ ಮುಖ ಕೊಟ್ಟಳು.

ನನಗೂ ಒಂದು ಚೀಟಿ ಇದೆಯೇ ಎಂದು ಕೇಳಲು ನಾಲಿಗೆ ತುದಿಗೆ ಬಂದಿತ್ತು. ಕೇಳಲಿಲ್ಲ. ಜ್ಞಾನಿ, ಸಹನಾಮೂರ್ತಿ, ಅಂಥದ್ದೇನಾದರೂ ಇರಬಹುದು ಎಂದುಕೊಂಡು ಸುಮ್ಮನಿದ್ದೆ.

ಇನ್ನು ನಾನು ಮಾಡಿದ ಘನಂದಾರಿ ಕೆಲಸ ಕೇಳಿ. ಕಾರ್ತಿಕದ ಕಡೇ ಸೋಮವಾರ ಮಠದ ಅಯ್ಯನವರನ್ನು ಕರೆಸಿ ಪಾದಪೂಜೆ ಮಾಡುವುದು ನಮ್ಮ ತಂದೆಯ ಕಾಲದಿಂದ ಬಂದದ್ದು. ಒಂದು ವರ್ಷ ಅಣ್ಣನ ಮನೆಯಲ್ಲಿ, ಒಂದು ವರ್ಷ ನಮ್ಮಲ್ಲಿ. ಈ ಸಲ ನಮ್ಮ ಸರದಿ. ಅಣ್ಣ ಫೋನ್ ಮಾಡಿದ.

"ಚನ್ನ, ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಅಯ್ಯನವರು ಬರ್ತಾರೆ. ಈ ಸಲ ಕಿರಣ, ಅನಘಾ ಇಬ್ರೂ ಜೋಡಿಯಾಗಿ ಪೂಜೆಗೆ ಕೂತ್ಕೊಳ್ಳಲಿ. ನಮಗೆಲ್ಲ ವಯಸ್ಸಾಯ್ತು. ಏನಂತೀಯ?"

"ಆಗ್ಲಿ ಅಣ್ಣ," ಎಂದೆ.

ಅದೇ ಸಂಜೆ ಅನಘಾ ಹಾಲ್ ಟಿಕೆಟ್ ಪ್ರಿಂಟ್ ಹಾಕಿಸಿಕೊಂಡು ಕುಣಿಯುತ್ತಾ ಬಂದಳು. ಸುಂಕದಕಟ್ಟೆಯ ಸೆಂಟರ್. ಅದೇ ಸೋಮವಾರ, ಅದೇ ಒಂಬತ್ತು ಗಂಟೆ.

"ಮಾವ, ಅವತ್ತು ಕಾರ್ತಿಕ ಸೋಮವಾರ ಅಲ್ವಾ? ಪೂಜೆ ಹೆಂಗೆ?"

"ನೋಡೋಣ, ನೀನು ಹೋಗಿ ಬರ್ದು ಬಾಮ್ಮ," ಎಂದೆ.

ಇಬ್ಬರಿಗೂ ಆಗಲಿ ಎಂದವನು ನಾನೇ. ಅಣ್ಣನಿಗೆ ಮತ್ತೆ ಫೋನ್ ಮಾಡಬೇಕೆಂದು ದಿನಾ ಬೆಳಿಗ್ಗೆ ಅಂದುಕೊಳ್ಳುತ್ತಿದ್ದೆ. ಅಣ್ಣನ ಗಂಟಲು ನೆನೆದ ತಕ್ಷಣ ಫೋನ್ ಕೆಳಗಿಡುತ್ತಿದ್ದೆ. ಹೀಗೆ ಎಂಟು ದಿನ ಕಳೆದೆ.

ಪೂಜೆಗೆ ಒಂದು ವಾರ ಇರುವಾಗ, ಭಾನುವಾರ ಅಣ್ಣ ಊಟಕ್ಕೆ ಬಂದ. ಪೂಜೆಗೆ ಏನೇನು ಬೇಕೆಂದು ಪಟ್ಟಿ ಮಾಡಲು ಬಂದದ್ದು. ಹಿತುಕಿದ ಅವರೆಬೇಳೆ ಸಾರು, ಮುದ್ದೆ, ಹೋಳಿಗೆ ಆಗಿತ್ತು. ಅಣ್ಣ ಲಿಂಗಪೂಜೆ ಮಾಡದೆ ಬಾಯಿಗೆ ಹನಿ ನೀರು ಹಾಕುವವನಲ್ಲ. ಕೈಕಾಲು ತೊಳೆದು ದೇವರ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ.

ಜಗದಾಂಬಾಗೂ ಅನಘಾಗೂ ಒಟ್ಟಿಗೇ ಡಬ್ಬಿಯ ನೆನಪಾಯಿತು. ಇಬ್ಬರೂ ಮುಖ ಮುಖ ನೋಡಿಕೊಂಡರು. ಪೂಜೆಗೆ ಕೂತವರ ಬಾಗಿಲು ತಟ್ಟುವ ಹಾಗಿಲ್ಲ.

"ವಿಭೂತಿ ತಗೊಂಡು ಸುಮ್ನೆ ಬರ್ತಾರೆ ಬಿಡು," ಎಂದು ಜಗದಾಂಬಾ ಪಿಸುಗುಟ್ಟಿದಳು. ದಿನಾ ಇಪ್ಪತ್ತು ನಿಮಿಷದ ಪೂಜೆ ಅಂದು ಮುಕ್ಕಾಲು ಗಂಟೆ ಆಯಿತು. ಮುದ್ದೆ ಆರಿತು. ಅಣ್ಣ ಹಣೆ ತುಂಬ ವಿಭೂತಿ, ಕೈಯಲ್ಲಿ ಪೇಡದ ಡಬ್ಬಿ ಹಿಡಿದು ಹೊರಬಂದ.

"ಪೇಡ ಇರ್ಬೇಕು, ನೈವೇದ್ಯಕ್ಕೆ ಆಗುತ್ತೆ ಅಂತ ತೆಗೆದೆ," ಎಂದ. ದನಿ ತಣ್ಣಗಿತ್ತು. ಅವನು ಕೂಗಾಡಿದರೆ ಹೆದರಿಕೆಯಿಲ್ಲ, ಹೀಗೆ ಮಾತಾಡಿದರೆ ಎದೆ ಹೊಡೆದುಕೊಳ್ಳುತ್ತದೆ. ಕನ್ನಡಕ ಸರಿ ಮಾಡಿಕೊಂಡು ಒಂದು ಚೀಟಿ ಎತ್ತಿ ಓದಿದ. "ದೊಡ್ಡಮಾವ. ಪೆಂಡಾಲಿನ ಹಗ್ಗ ಬಿಚ್ಚಿಕೊಂಡು ಹೋದರು. ಇದರರ್ಥ ಏನಮ್ಮ, ಅನಘಾ?"

ಅನಘಾ ಒಂದು ಹೆಜ್ಜೆ ಮುಂದೆ ಬಂದಳು. "ದೊಡ್ಡಮಾವ, ಅದು ನೆನಪಿಟ್ಕೊಳೋಕ್ಕೆ ಅಷ್ಟೇ. ತಪ್ಪಾಯ್ತು."

"ಅವಳದ್ದೇನಿಲ್ಲ ಭಾವ, ಮುಖ ಎಲ್ಲ ಹೇಳ್ಕೊಟ್ಟಿದ್ದು ನಾನು," ಎಂದಳು ಜಗದಾಂಬಾ.

"ಗೊತ್ತಾಯ್ತು ಬಿಡಿ. ದೇವರ ಮುಂದೆ ಇಟ್ಕೊಂಡು ದಿನಾ ನಮ್ಮ ಮರ್ಯಾದೆ ಹರಾಜು ಹಾಕ್ತಾ ಇದೀರಿ. ಚನ್ನ, ಸೋಮವಾರ ಇವಳು ಪರೀಕ್ಷೆಗೆ ಹೋಗ್ತಾಳಂತೆ, ಇದೇ ಡಬ್ಬಿಯಲ್ಲಿ ಹಾಲ್ ಟಿಕೆಟ್ಟೂ ಇದೆ. ನಂಗೆ ಆಗ್ಲಿ ಅಂದಿದ್ದೆಯಲ್ಲೋ?"

ಅನಘಾ ನನ್ನ ಕಡೆ ತಿರುಗಿದಳು. "ಮಾವ? ನಂಗೂ ಹೋಗು ಅಂದ್ರಲ್ಲ?"

ಬಸವಕಿರಣ್, "ಅಪ್ಪಾ, ಇಬ್ರಿಗೂ ಹೇಳಿದ್ದೀರಾ?" ಎಂದ. ಎಲ್ಲರ ಕಣ್ಣೂ ನನ್ನ ಮೇಲೆ. ನಾನಾಗಲೇ ಎದ್ದಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ಕೈ ಬಾಗಿಲ ಹಿಂದೆ ನೇತುಹಾಕಿದ್ದ ಚೀಲದ ಮೇಲಿತ್ತು.

ಅಣ್ಣ ಇನ್ನೊಂದು ಚೀಟಿ ಎತ್ತಿದ. "ಇದನ್ನ ಕೇಳು. ವ್ಯಾಸಿಲೇಟ್. ಮಾವ. ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ. ಜಗಳ ಶುರುವಾದ್ರೆ ಕೊತ್ತಂಬರಿ ತರೋಕ್ಕೆ ಹೋಗ್ತಾರೆ." ಚೀಟಿ ಕೆಳಗಿಟ್ಟ. "ನಂದು ಹೆಂಗಾದ್ರೂ ಇರ್ಲಿ, ಇದೊಂದು ಮಾತ್ರ ಸರಿಯಾಗಿ ಬರ್ದಿದಾಳೆ."

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಅನಘಾ ಸೆರಗಿನ ಅಂಚು ಹಿಂಡುತ್ತಿದ್ದಳು. ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಮೊದಲು ಅವಳ ಮೇಲೆ, ಆಮೇಲೆ ಅಣ್ಣನ ಮೇಲೆ, ಕೊನೆಗೆ ನನ್ನ ಮೇಲೆ ನನಗೇ ಬಂತು. ಚೀಲದಿಂದ ಕೈ ತೆಗೆದು ಬಂದು ಕೂತೆ.

"ಅಣ್ಣ, ತಪ್ಪು ನಂದು. ನಿಂಗೆ ಅವತ್ತೇ ಹೇಳ್ಬೇಕಿತ್ತು, ಹೆದರಿದೆ. ಸೋಮವಾರ ಬೆಳಿಗ್ಗೆ ಅನಘಾ ಪರೀಕ್ಷೆಗೆ ಹೋಗ್ತಾಳೆ. ಪೂಜೆ ಸಂಜೆಗೆ."

"ಇಷ್ಟು ವರ್ಷ ಬೆಳಿಗ್ಗೆ ನಡ್ಕೊಂಡು ಬಂದಿದೆ. ಅಯ್ಯನವರಿಗೆ ಏನಂತ ಹೇಳ್ಲಿ?"

"ನೀನು ಹೇಳೋದು ಬೇಡ. ನಾನೇ ಹೇಳ್ತೀನಿ."

"ನೀನಾ? ಅವರು ಒಪ್ಲಿಲ್ಲ ಅಂದ್ರೆ?"

"ಆಗ್ಲೂ ಅವಳು ಹೋಗ್ತಾಳೆ. ನಾನು, ಜಗದಾಂಬಾ ಪೂಜೆಗೆ ಕೂತ್ಕೋತೀವಿ. ಅವಳಿಗೆ ಇದೇ ಕೊನೇ ಸಲ ಅಣ್ಣ. ಪೂಜೆ ಮುಂದಿನ ವರ್ಷಾನೂ ಬರುತ್ತೆ."

ಅಣ್ಣ ಡಬ್ಬಿ ಕೆಳಗಿಟ್ಟ. ಅರವತ್ತಾರು ವರ್ಷದಲ್ಲಿ ಅವನೆದುರು ನಾನು ಹೀಗೆ ಮಾತಾಡಿದ್ದು ಅದೇ ಮೊದಲು. ಟವೆಲ್ಲು ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಊಟ ಮಾಡದೆ ಹೊರಟುಹೋದ. ಪೂಜೆ ಮುಗಿಸಿದವರು ಪ್ರಸಾದ ಬಿಟ್ಟು ಎದ್ದು ಹೋಗುವುದೆಂದರೆ ನಮ್ಮಲ್ಲಿ ಅದಕ್ಕಿಂತ ದೊಡ್ಡ ನೋವಿಲ್ಲ. ಜಗದಾಂಬಾ ಗಳಗಳನೆ ಅತ್ತಳು.

"ನಾನು ಬರೆಯಲ್ಲ ಮಾವ. ಇದೆಲ್ಲ ನನ್ನಿಂದಾನೇ ಆಗಿದ್ದು," ಎಂದಳು ಅನಘಾ.

"ಸುಮ್ನಿರಮ್ಮ ನೀನು! ಈಗ ತಾನೇ ಒಂದು ಮಾತು ಆಡಿದೀನಿ, ಅದನ್ನ ಕೆಡಿಸ್ಬೇಡ," ಎಂದು ಗದರಿದೆ. ನನ್ನ ದನಿ ಅಷ್ಟು ಜೋರಿದೆ ಎಂದು ನನಗೇ ಗೊತ್ತಿರಲಿಲ್ಲ.

ಆಗಲೇ ಅಯ್ಯನವರಿಗೆ ಫೋನ್ ಹಚ್ಚಿದೆ. "ಬುದ್ಧಿ, ಹಿಂಗಿಂಗೆ," ಎಂದು ಎಲ್ಲ ಹೇಳಿದೆ. ಅತ್ತಲಿಂದ ನಗು ಕೇಳಿಸಿತು. "ಅದಕ್ಕೇನಪ್ಪ? ಸೋಮವಾರ ಸಂಜೆ ಕೆಂಗೇರಿಲಿ ಒಂದು ಮನೆ ಇದೆ. ಮುಗಿಸ್ಕೊಂಡು ಏಳಕ್ಕೆ ಬರ್ತೀನಿ. ಮಗು ಚೆನ್ನಾಗಿ ಬರೀಲಿ." ಎಂಟು ದಿನ ನನ್ನ ನಿದ್ದೆ ಕೆಡಿಸಿದ ಕೆಲಸ ಎರಡು ನಿಮಿಷದಲ್ಲಿ ಮುಗಿಯಿತು.

ಟಿಫಿನ್ ಕ್ಯಾರಿಯರ್‌ಗೆ ಸಾರು, ಹೋಳಿಗೆ ತುಂಬಿಸಿಕೊಂಡು ಆಟೋ ಹತ್ತಿ ಅಣ್ಣನ ಮನೆಗೆ ಹೋದೆ. ಅತ್ತಿಗೆ ಫೋನಿನಲ್ಲಿದ್ದರು. ಅಣ್ಣ ಮಹಡಿಯ ಮೇಲೆ ಒಬ್ಬನೇ ಕೂತಿದ್ದ. ಕ್ಯಾರಿಯರ್ ಬಿಚ್ಚಿ ಮುಂದಿಟ್ಟೆ. ಅವನು ತಲೆಯೆತ್ತಿ ಬಟ್ಟೆ ಒಣಗುತ್ತಿದ್ದ ಹಗ್ಗ ತೋರಿಸಿದ.

"ಅದೇ ಹಗ್ಗ. ನಂದು ಕಣೋ. ಪೆಂಡಾಲಿನವನು ಗೃಹಪ್ರವೇಶದ ಹಿಂದಿನ ದಿನ ಹಗ್ಗ ಸಾಲ್ದು ಅಂತ ಕೈಚೆಲ್ಲಿದ್ದ. ನಿನ್ ಮುಖ ಸಣ್ಣಗಾಗ್ಬಾರ್ದು ಅಂತ ಅಂಗಡಿ ಮೂಟೆ ಕಟ್ಟೋ ಹಗ್ಗ ತಂದು ನಾನೇ ಬಿಗಿದೆ. ಮಾರನೇ ದಿನ ಅಂಗಡಿಗೆ ಬೇಕಿತ್ತು, ತಗೊಂಡ್ ಹೋದೆ."

"ಹೇಳ್ಬಾರ್ದಿತ್ತಾ ಅಣ್ಣ?"

"ಹಗ್ಗದ ವಿಷ್ಯ ಯಾರಾದ್ರೂ ಹೇಳ್ಕೋತಾರೇನೋ?" ಎಂದವನು ಹೋಳಿಗೆ ಮುರಿದ. ಎರಡನೇ ತುತ್ತಿಗೆ, "ಆ ಪರೀಕ್ಷೆ ತುಂಬ ಕಷ್ಟವೇನೋ?" ಎಂದು ಕೇಳಿದ. ನಾನು ಹೌದೆಂದೆ. ಅಲ್ಲಿಗೆ ನಮ್ಮ ಮಾತು ಮುಗಿಯಿತು.

ಪರೀಕ್ಷೆಯ ಸೋಮವಾರ ಬೆಳಿಗ್ಗೆ ಬಸವಕಿರಣ್ ರಜೆ ಹಾಕಿ ಅನಘಾಳನ್ನು ಸ್ಕೂಟರಿನಲ್ಲಿ ಸುಂಕದಕಟ್ಟೆಗೆ ಕರೆದುಕೊಂಡು ಹೋದ. ಜಗದಾಂಬಾ ಅವಳ ಹಣೆಗೆ ವಿಭೂತಿ ಹಚ್ಚಿ, "ಎಲ್ಲರ ಮುಖಾನೂ ಕರ್ಕೊಂಡು ಹೋಗು," ಎಂದಳು. ಹತ್ತು ಗಂಟೆಗೆ ಬಾಗಿಲಲ್ಲಿ ಆಟೋ ನಿಂತಿತು. ಅಣ್ಣ ಇಳಿದ. ಭುಜದ ಮೇಲೆ ಸುತ್ತಿದ ಹಗ್ಗ.

"ಮಹಡಿ ಮೇಲೆ ಶಾಮಿಯಾನ ಕಟ್ಬೇಕಲ್ಲ. ಸಂಜೆ ಮಂಜು ಬೀಳುತ್ತೆ," ಎಂದ. ಜಗದಾಂಬಾ ತಲೆ ಬಗ್ಗಿಸಿ, "ಭಾವ, ಕಾಫಿ ತರ್ತೀನಿ," ಎಂದಳು.

"ತಗೊಂಡ್ ಬನ್ನಿ. ಇದು ನಾಳೆ ಬೆಳಿಗ್ಗೆ ವಾಪಸ್ ತಗೊಂಡ್ ಹೋಗ್ತೀನಿ, ಈಗ್ಲೇ ಹೇಳಿದೀನಿ." ಜಗದಾಂಬಾ ಅಡುಗೆಮನೆಗೆ ಓಡಿಹೋಗಿ ನಗುತ್ತಾ ಕಣ್ಣೊರೆಸಿಕೊಂಡಳು.

ಅನಘಾ ಬಂದಾಗ ನಾವಿಬ್ಬರು ಮುದುಕರು ಕಂಬಕ್ಕೆ ಹಗ್ಗ ಬಿಗಿಯುತ್ತಿದ್ದೆವು. ಮೆಟ್ಟಿಲು ಹತ್ತಿ ಬಂದು ಗೋಡೆಗೆ ಒರಗಿ ನಿಂತಳು. ಹಿಂದೆಯೇ ಜಗದಾಂಬಾಳೂ ಓಡಿಬಂದಳು. ಹೆಂಗಾಯ್ತು ಎಂದು ಎಲ್ಲರೂ ಒಟ್ಟಿಗೆ ಕೇಳಿದೆವು.

"ಚೆನ್ನಾಗಿ ಮಾಡಿದೀನಿ. ಗ್ಯಾರುಲಸ್ ಬಂತು, ದೊಡ್ಡತ್ತೆ ಕಾಪಾಡಿದ್ರು. ಆಬ್ಡ್ಯುರೇಟ್ ಬಂತು ಅತ್ತೆ, ನೀವೇ ಬಂದು ಕಣ್ಮುಂದೆ ನಿಂತ್ರಿ." ಆಮೇಲೆ ನನ್ನ ಕಡೆ ನೋಡಿ ತಲೆ ತಗ್ಗಿಸಿದಳು. "ಒಂದು ಮಾತ್ರ ತಪ್ಪಾಯ್ತು ಮಾವ."

"ಯಾವ್ದಮ್ಮ?"

"ವ್ಯಾಸಿಲೇಟ್. ನಿಮ್ಮ ಮುಖ ತಕ್ಷಣ ಬಂತು. ಆದ್ರೆ ಆವತ್ತು ಭಾನುವಾರ ಚೀಲ ಬಿಟ್ಟು ಬಂದು ಕೂತ್ರಲ್ಲ, ಆ ಮುಖ. ಆ ಕಡೆ ಈ ಕಡೆ ಅನ್ನೋದು ನೆನಪಿಗೇ ಬರ್ಲಿಲ್ಲ. 'ಗಟ್ಟಿಯಾಗಿ ನಿಲ್ಲುವುದು' ಅನ್ನೋ ಅರ್ಥದ್ದೊಂದು ಉತ್ತರ ಇತ್ತು, ಅದನ್ನೇ ಒತ್ತಿಬಿಟ್ಟೆ. ಎರಡು ಮಾರ್ಕು ಹೋಯ್ತು. ತಪ್ಪುತ್ತರಕ್ಕೆ ಇನ್ನರ್ಧ ಕಳೀತಾರೆ."

ಹಗ್ಗ ಹಿಡಿದ ಕೈ ಹಾಗೇ ನಿಂತಿತು. ಕೊನೇ ಸಲದ ಪರೀಕ್ಷೆಯಲ್ಲಿ ಆ ಮಗುವಿಗೆ ನನ್ನಿಂದ ಎರಡೂವರೆ ಮಾರ್ಕಿನ ನಷ್ಟ. ಫಲಿತಾಂಶ ಬರುವವರೆಗೂ ನನಗೆ ಅದೇ ಯೋಚನೆ ಇರುತ್ತದೆ. ಆದರೂ ಸುಳ್ಳು ಯಾಕೆ ಹೇಳಲಿ, ನನ್ನ ಜನ್ಮದಲ್ಲಿ ಅಷ್ಟು ಸಂತೋಷ ಆದದ್ದಿಲ್ಲ. ಅಣ್ಣ ನನ್ನ ಬೆನ್ನ ಮೇಲೆ ಒಂದು ಗುದ್ದಿದ.

ಅಡುಗೆ ನೋಡಲು ಇಳಿದುಹೋಗಿದ್ದ ಜಗದಾಂಬಾಳ ಕೂಗು ಕೆಳಗಿನಿಂದ ಕೇಳಿಸಿತು. "ರೀ, ಸಾರಿಗೆ ಕೊತ್ತಂಬರಿ ಸೊಪ್ಪು ಇಲ್ಲ!"

"ಕಿರಣನ್ನ ಕಳ್ಸು," ಎಂದು ಕೂಗಿ ಹೇಳಿ ಹಗ್ಗ ಬಿಗಿದೆ. "ನಂಗಿಲ್ಲಿ ಕೆಲ್ಸ ಇದೆ."